ಗೆರೆಯಾಚೆ

ಇಪ್ಪತ್ತೆರಡು ವರ್ಷ ಒಂದೇ ಅಂಗಿ.
ಮಡಿಕೇರಿಯವರು ಕರೆದರು,
ಮೈಸೂರಿನವರು ಕೆಲಸವನ್ನೇ ಕೊಡುತ್ತೇವೆಂದರು;
ಪಳಂಗಪ್ಪಣ್ಣ ಅಮ್ಮತ್ತಿ ಬಿಡಲಿಲ್ಲ.

ಈಗ ಮ್ಯಾನೇಜರ್.
ಹೆಗಲಿಗೆ ಟವೆಲ್, ಕೈಯಲ್ಲಿ ಹನ್ನೊಂದು ಹೆಸರಿನ ಚೀಟಿ.
ಐದನೆಯದಕ್ಕೆ ‘ಪ’ ಎಂದು ಶುರುಮಾಡಿ
ಹೊಡೆದುಹಾಕಿದ ಗುರುತು ಹಾಗೇ ಇದೆ,
ಪಕ್ಕದಲ್ಲಿ ನನ್ನ ಹೆಸರು.

ದ್ವಿತೀಯಾರ್ಧ. ನನ್ನ ಸ್ಟಿಕ್ಕು ತಪ್ಪಿಸಿಕೊಂಡ ಚೆಂಡು
ಗೆರೆ ದಾಟಿ ಅವರ ಕುರ್ಚಿಯತ್ತ ಉರುಳಿತು.
ಚಂಗನೆ ಪಾದ ಎತ್ತಿಕೊಂಡರು,
ತಗುಲಿದರೆ ಫೌಲು ಎಂಬಂತೆ.
ಬೇಲಿಯಾಚೆ ಕಾಫಿಗಿಡದ ಬುಡದಲ್ಲಿ
ಚೆಂಡು ಹೋಗಿ ಕೂತಿತು.

ಬೆಂಚಿನ ಹುಡುಗರು ಬಿದ್ದು ಬಿದ್ದು ನಕ್ಕರು.
ಹೆಕ್ಕಲು ಓಡಿದ ನನಗೆ ಮಾತ್ರ ಕಂಡದ್ದು:
ಇಸ್ತ್ರಿ ಮಾಡಿದ ಪ್ಯಾಂಟಿನೊಳಗೆ
ಶಿನ್‌ಗಾರ್ಡಿನ ಸವೆದ ಅಂಚು.

“ಏನು ನೋಡ್ತೀಯ?” ಅಂದರು,
ಪ್ಯಾಂಟು ಕೆಳಗೆಳೆದುಕೊಳ್ಳುತ್ತ,
“ಎಡಗಡೆ ಖಾಲಿ ಇದೆ. ಓಡು.”