ಹಿಡಿ

ಮೂವತ್ತೈದನೇ ಇಸವಿ. ಈರಿ ಸರೋವರದ ದಂಡೆಯಲ್ಲಿ
ಆಸ್ಕೆಯವರ ಮನೆ ಎದ್ದಿತು.
ಮಾಡಿಗೆ ಇಳಿಜಾರಿಲ್ಲ,
ಮೂಲೆಯಲ್ಲಿ ಕಂಬವಿರಬೇಕಾದಲ್ಲಿ ಗಾಜು.
"ಹಾಲಿನ ಡೈರಿ" ಅಂದ ನಮ್ಮಪ್ಪ, ಟ್ರಕ್ಕು ನಿಲ್ಲಿಸದೆ.
ಪಕ್ಕದ ಹೊಲದ ಕ್ರಾಟ್ಸ್ ಮುದುಕನಿಗೆ ಅದು ಹಡಗು,
ನೀರಿಗಿಳಿಸಲು ಮರೆತದ್ದು.

ನಾನಲ್ಲಿಗೆ ಮಂಗಳವಾರ ಇಸ್ತ್ರಿಗೆ ಹೋಗುತ್ತಿದ್ದೆ, ಹದಿನೇಳರ ಹುಡುಗಿ.
ಆತ ಯಂತ್ರಗಳಿಗೆ ಚರ್ಮ ಹೊಲಿಯುವವನು:
ಟೋಸ್ಟರು, ತಕ್ಕಡಿ,
ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿ.
ಮನೆಯೂ ಹಾಗೇ, ಮುಟ್ಟಿದಲ್ಲೆಲ್ಲ ಅಳತೆ:
ಸ್ವಿಚ್ಚು ಮೊಣಕೈ ಎತ್ತರ,
ಮೆಟ್ಟಿಲು ಹೆಂಡತಿಯ ಅರ್ಧ ಉಸಿರು.
ಆಕೆ, ಮಿನ್ನಾ, ತವರಿಂದ ತಂದ ಕೆತ್ತನೆಯ ಪೆಟ್ಟಿಗೆ
ಯಾವ ಅಳತೆಗೂ ಸಿಗದೆ ಗ್ಯಾರೇಜಿನಲ್ಲಿ ಕಾರಿನ ಪಕ್ಕ ಕೂತಿತ್ತು.
ಒಮ್ಮೊಮ್ಮೆ ಆಕೆಯೂ, ಅದರ ಮೇಲೆ.

ಒಂದು ದಿನ ನನ್ನೆದುರು ಹಸಿ ಜೇಡಿಮಣ್ಣಿನ ಉಂಡೆ ಇಟ್ಟ.
"ಹಿಡಿ, ಟ್ರೂಡಿ. ಇಸ್ತ್ರಿಪೆಟ್ಟಿಗೆ ಹಿಡಿದ ಹಾಗೆ.
ಮೊದಲನೇ ಅಂಗಿಗಲ್ಲ,
ನಲವತ್ತನೇ ಅಂಗಿಯ ಹೊತ್ತಿಗೆ ಹಿಡಿಯುತ್ತೀಯಲ್ಲ, ಹಾಗೆ."
ಹಿಡಿದೆ. ಬೆರಳ ಸಂದಿಯಲ್ಲಿ ಮಣ್ಣು ಉಬ್ಬಿತು.
ಹಕ್ಕಿಮರಿಯಂತೆ ಅದನ್ನೆತ್ತಿಕೊಂಡು ಒಳಗೆ ಹೋದ.

ಮರುವರ್ಷ ಕರೀ ಬೇಕಲೈಟಿನಲ್ಲಿ ನನ್ನ ಹಿಡಿ ಅಂಗಡಿಗೆ ಬಂತು,
ನಾಲ್ಕು ಡಾಲರು ತೊಂಬತ್ತೈದು ಸೆಂಟು.
ಊರಿಗೆಲ್ಲ ಹಿಡಿಸಿತು.
ಮನೆಯ ಮೆಟ್ಟಿಲ ಕಂಬಿಯನ್ನೂ ಕಿತ್ತು
ಅದೇ ಬಾಗಿನಲ್ಲಿ ಮತ್ತೆ ಎರಕ ಹಾಕಿಸಿದ.
ನನಗೆ ಅರ್ಧ ದಿನ ರಜೆ.
ಹೌದು, ಸಂತೋಷವೇ ಆಯಿತು.

ಆ ಚಪ್ಪಟೆ ಮಾಡಿನ ಮೇಲೆ ಕೂತ ಹಿಮ ಎದ್ದು ಹೋಗಲಿಲ್ಲ.
ಮಾರ್ಚಿನಲ್ಲಿ ಊಟದ ಮೇಜಿಗೆ ಟಪ್, ಟಪ್.
ಆತ ತಾನೇ ರೂಪಿಸಿದ ಪಾತ್ರೆ ಕೆಳಗಿಟ್ಟು
ಬಹಳ ಹೊತ್ತು ಸದ್ದು ಕೇಳಿ ಅಂದ:
"ತಳ ಸ್ವಲ್ಪ ತೆಳುವಾಯಿತು."

ಈಗ ಟಿಕೇಟು ಕೊಂಡು ನೋಡಬೇಕು. ನನಗೆ ಎಂಬತ್ತೊಂದು.
ಕಂಬಿ ಮುಟ್ಟಬೇಡಿ ಅಂದ ಗೈಡು ಹುಡುಗ.
ಮುಟ್ಟಿದೆ.
ಸಂಧಿವಾತದ ಬೆರಳು, ಎರಡಂತೂ ಮಡಿಚುವುದೇ ಇಲ್ಲ,
ಆ ಬಾಗಿಗೆ ಕೂರಲೊಲ್ಲವು.
ಯಾರೋ ಹುಡುಗಿಯ ಕೈ ಅದು. ತಣ್ಣಗಿತ್ತು.
ಗ್ಯಾರೇಜಿನ ಪೆಟ್ಟಿಗೆ ಎಲ್ಲಿ ಅಂದೆ.
ಹಾಳೆ ತಿರುವಿ ನೋಡಿದ. ಪಟ್ಟಿಯಲ್ಲಿಲ್ಲ.

ಒದ್ದೆ ಬೂಟು ಬಿಡಲು ಆಗ ಆ ಮನೆಯಲ್ಲಿ ಜಾಗವಿರಲಿಲ್ಲ,
ನಾನು ಕೈಯಲ್ಲೇ ಹಿಡಿದು ಒಳಗೆ ಹೋಗುತ್ತಿದ್ದೆ.
ಈಗ ಬಾಗಿಲ ಬಳಿ ಒಂದು ಪ್ಲಾಸ್ಟಿಕ್ ತಟ್ಟೆ ಇಟ್ಟಿದ್ದಾರೆ.
ನೀಲಿ ಬಣ್ಣದ್ದು.