ಕೊನೀ ಅಂಕಿ

ಜನವರಿ ಎರಡು. ನಿನ್ನಿ ಅಂಗಡಿ ಗದ್ದಲ,
ಇವತ್ತು ಸಂಜಿಗಿ ಪುರಸೊತ್ತು.
ಕಲಬುರಗಿ, ಬ್ರಹ್ಮಪುರ ಗಲ್ಲಿ. ಹಿಟ್ಟಿನ ಡಬ್ಬಿ ಮ್ಯಾಲ
ಲ್ಯಾಪ್‌ಟಾಪ್ ಇಟ್ಟು ತಬಸ್ಸುಮ್ ಕೇಳ್ತಾಳ:
'ಮೌಶಿ, ವೆಬ್‌ಸೈಟಿನ್ಯಾಗ ಇದು ಯಾರ ರೊಟ್ಟಿ?'

ನಮ್ಮದಲ್ಲ ಬಿಡವ್ವ. ಎಲ್ಲಿಂದೋ ಇಳಿಸಿಕೊಂಡದ್ದು.
ಕಂಪಾಸ್ ಹಚ್ಚಿ ಕೊರದಂಗ ದುಂಡಗ.
ತೆಗಿ ಅದನ್ನ.
ಕಾಶಮ್ಮ ಬಡದದ್ದು ಹಾಕು, ಅಂಚು ಸೀಳಿದ್ದು,
ನಡುವ ಹಂಚಿನ ಕರಿ ಬೊಟ್ಟು ಇದ್ದದ್ದು.

'ಇಪ್ಪತ್ನಾಕು ತಾಸು ತೆರೆದಿರ್ತದ' ಅಂತ ಬರದಾರ.
ಯಾರು ತೆರೀತಾರ? ನಸುಕಿನ ನಾಕಕ್ಕ ಒಲಿ,
ಮಧ್ಯಾಹ್ನ ಎರಡಕ್ಕ ಹಂಚು ತಣ್ಣಗ.
ಅಷ್ಟೇ ಬರಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ
ಸಂಕ್ರಾಂತಿ ತನ ಮಾತ್ರ, ಅದೂ ಬರಿ.

ಆಮ್ಯಾಲ ಫೋನ್ ನಂಬರ್.
ನೋಡೂಣು ಅಂತ ಹಚ್ಚಿದಳು.
ನನ್ನ ಮಡಿಲಾಗಿನ ಫೋನ್ ಸುಮ್ಮನೇ ಮಲಗಿತ್ತು.
ಅತ್ತಿಂದ ಒಬ್ಬ ಗಂಡಸು:
'ರೊಟ್ಟಿ ಇಲ್ರೀ. ಇದು ಅಫಜಲಪುರ.
ರಿಟೈರ್ಡ್ ಕಂಡಕ್ಟರ್ ಗುಂಡೇರಾವ.'

ಕೊನೀ ಅಂಕಿ ಏಳಲ್ಲ, ಒಂದು.

ವರ್ಷ ಪೂರ್ತಿ ಸೋಲಾಪುರದವ್ರು, ಪುಣೆದವ್ರು,
ಮದುವಿಗಿ ಐನೂರು ಬೇಕಂದವ್ರು
ಅವನ ಕಿವಿತನ ಬಂದು ತಿರುಗಿ ಹೋಗ್ಯಾರ.
ಬೈತಾನಂತ ಕಾದೆ.
'ಅಲ್ರೀ ಬಾಯಾರ,' ಅಂದ,
'ಬಸ್ ತುಂಬ್ಯಾದ ಅಂದಂಗ
ನೂರು ಮಂದಿಗಿ ಇಲ್ಲ ಅಂದೀನಿ.
ಒಂದ್ ದಿನಾನೂ ರುಚಿ ನೋಡಿಲ್ಲ.'

ಅಂಕಿ ತಿದ್ದಿದಳು ತಬಸ್ಸುಮ್.
'ನಮ್ಮ ಬಗ್ಗೆ' ಅನ್ನೋ ಪುಟ ಇನ್ನಾ ಖಾಲಿ ಅದ,
ಏನು ಬರಿಬೇಕೋ ತಿಳೀವಲ್ದು.
ನಾಳಿನ ಮೊದಲ ಬಸ್ಸಿಗಿ
ಹತ್ತು ರೊಟ್ಟಿ ಕಟ್ಟೀನಿ, ಶೇಂಗಾ ಹಿಂಡಿ ಬ್ಯಾರೆ.
ರೊಕ್ಕ ಎಷ್ಟು ಅಂದ. ಬ್ಯಾಡ ಅಂದೆ.
'ಹಂಗಾರ ತಿಕೀಟಿನ ಹಿಂದ ಬರಕೋರಿ ಮತ್ತ,
ಬಾಕಿ ಅಂತ.'