ಹೆಸರಿಡುವಂತಿಲ್ಲ

ಹೆಸರಿಡುವಂತಿಲ್ಲ, ಎಂದರು ಎಲ್ಲರೂ
ನಮ್ಮ ಔಷಧಿ ಅಂಗಡಿಯ ಹೊಸ ಪುಟಕ್ಕೆ.
ನಿಜವೇ. ಯಾರೂ ಇಟ್ಟಿರಲಿಲ್ಲ.

ಪೋರ್ತೊ ಪಕ್ಕದ ಮತೊಸಿನ್ಯೋಸಿನಲ್ಲಿ,
ಡಬ್ಬಿಮೀನಿನ ಗೋದಾಮಿನ ಮೇಲಿನ ಕೋಣೆಯಲ್ಲಿ
ಮೂರು ತಿಂಗಳು ಕೂತು ನಾನು ಬರೆದದ್ದು:
ಬುಟ್ಟಿಯ ಚಿತ್ರ, ಕಸದ ಡಬ್ಬಿಯ ಚಿತ್ರ,
ಒಂದು ಕಾಗದದ ವಿಮಾನ.
ಅಕ್ಷರ ಯಾಕೆ, ನೋಡಿದರೆ ಗೊತ್ತಾಗುತ್ತಲ್ಲ.

ಮಾರ್ಚಿಯ ಒಂದು ಮಂಗಳವಾರ ಫೋನು.
ದಿಯೊಲಿಂಡ, ಎಪ್ಪತ್ತೊಂದು ವರ್ಷ.
ಮೂವತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಯಾರದೋ ದನಿಯನ್ನು ಯಾರದೋ ಕಿವಿಗೆ ಸಿಕ್ಕಿಸುತ್ತಿದ್ದಾಕೆ.
ಹುಟ್ಟಿದಾಗಿನಿಂದ ಕಣ್ಣಿಲ್ಲ.
"ಕೇಳು ಇಲ್ಲಿ" ಅಂದು ರಿಸೀವರನ್ನು
ಪುಟ ಓದುವ ಯಂತ್ರದ ಬಾಯಿಗೆ ಹಿಡಿದಳು.

ಗುಂಡಿ.
ಗುಂಡಿ.
ಗುಂಡಿ.
ಚಿತ್ರ ಅಂಡರ್‌ಸ್ಕೋರ್ ಎರಡು ಸೊನ್ನೆ ಏಳು.
ಗುಂಡಿ.

ರಸ್ತೆ ರಿಪೇರಿಯವರು ಅಗೆದು ಬಿಟ್ಟುಹೋದ ಹಾಗೆ.
"ಮೂರನೆಯದರಲ್ಲಿ ಬಿದ್ದೆ," ಅಂದಳು,
"ಥೈರಾಯ್ಡ್ ಮಾತ್ರೆ ಅಳಿಸಿಹೋಯಿತು.
ನಿನ್ನೆಯೂ ಬಿದ್ದೆ. ಮೊನ್ನೆಯೂ.
ಸಿಟ್ಟಿಲ್ಲ ಮಗು. ಯಾವುದು ಏನೆಂದು ಹೇಳಿಬಿಡು."

ಹೇಳಿದೆ. ಹೇಳಿದ್ದು ಹೆಚ್ಚಾಯಿತು.
ತಪ್ಪಿತಸ್ಥನಿಗೆ ಮಾತು ಜಾಸ್ತಿ.
'ಔಷಧಿಯ ಬೇಡಿಕೆ ಕಳಿಸಲು ಒತ್ತಬೇಕಾದ
ಅಂಚು ದುಂಡಗಿರುವ ನೀಲಿ ಗುಂಡಿ'
ಎಂದು ನಾನಿಟ್ಟರೆ
ಅದರ ಬಾಲಕ್ಕೆ ಯಂತ್ರ ತನ್ನದೂ ಒಂದು 'ಗುಂಡಿ' ಸೇರಿಸಿತು.
ಆಕೆ ನಕ್ಕದ್ದು ತಂತಿಯುದ್ದಕ್ಕೂ ಕೇಳಿತು:
"ಇದು ಹೆಸರೋ, ಜಾತಕವೋ?
ನೀಲಿ ಇಟ್ಟುಕೊಂಡು ನಾನೇನು ಮಾಡಲಿ?
ಗುಂಡಿ ಅಂತ ಯಂತ್ರಕ್ಕೇ ಗೊತ್ತು, ನೀನು ಕೆಲಸ ಹೇಳು.
ಎಕ್ಸ್‌ಚೇಂಜಿನಲ್ಲಿ 'ಆಸ್ಪತ್ರೆ' ಅಂದರೆ ಆಸ್ಪತ್ರೆ.
ಅಷ್ಟು ಸಾಕು, ಪಿನ್ನು ಚುಚ್ಚುತ್ತಿದ್ದೆವು."

ಕಳಿಸು.
ಅಳಿಸು.
ನಡುವೆ ಒಂದೇ ಅಕ್ಷರದ ಅಂತರ.
ಆ ಅಕ್ಷರದ ಮೇಲೆ ಒಬ್ಬಳ ತಿಂಗಳ ಮಾತ್ರೆ.

ಮುಗಿಯಿತು ಅಂದುಕೊಂಡೆ. ಎವರಿಸ್ತೊ ಬಂದ,
ಗಾಲಿಕುರ್ಚಿಯಲ್ಲಿ, ಹಿಂದೆ ಮಗಳು.
ಬೀದಿಯಂಚಿಗೆ ಕರಿಬಿಳಿ ಕಲ್ಲು ಕೂರಿಸುತ್ತಿದ್ದ ಕೈ
ಏಣಿಯಿಂದ ಬಿದ್ದಂದಿನಿಂದ ತೊಡೆಯ ಮೇಲೇ ಇದೆ.
ಕಣ್ಣು ಚೆನ್ನಾಗಿದೆ ಅವನಿಗೆ; ಬಾಯೇ ಬೆರಳು.
ಹಣದ ಪುಟದಲ್ಲಿ 'ಪಾವತಿಸು' ಎಂದು ಓದಿದ.
"ಪಾವತಿಸು" ಅಂದ.
ಇನ್ನೊಮ್ಮೆ ಅಂದ, ನಾಯಿಮರಿಗೆ ಹೇಳುವಂತೆ, ಬಿಡಿಸಿ ಬಿಡಿಸಿ.
ಜಪ್ಪಯ್ಯ ಅನ್ನಲಿಲ್ಲ ಅದು.
ಮಗಳು ಕಿಟಕಿಯಾಚೆ ನೋಡುತ್ತ ನಿಂತಳು.
ಒಳಗೆ, ಯಾರಿಗೂ ಕಾಣದಲ್ಲಿ,
ನಾನು ಅದಕ್ಕೆ 'ಶುಲ್ಕ ಸಂದಾಯ' ಎಂದು ಕಟ್ಟಿದ್ದೆ,
ಸ್ವಲ್ಪ ಗಂಭೀರವಾಗಿರಲಿ ಅಂತ.
ಮುಖಕ್ಕೊಂದು ಬೆನ್ನಿಗೊಂದು ಹೆಸರಿಟ್ಟ ಮೇಲೆ
ಕರೆದರೆ ಯಾರು ತಾನೇ ತಿರುಗುತ್ತಾರೆ?

ಆ ರಾತ್ರಿ ಪರದೆಗೆ ಕಪ್ಪು ಬಟ್ಟೆ ಹೊದಿಸಿ
ಒಂದೊಂದನ್ನೇ ಕೂಗಿ ಹಾಜರಿ ತಗೊಂಡೆ.
ಹುಡುಕು, ಇದ್ದೀನಿ. ಮುಚ್ಚು, ಇದ್ದೀನಿ.
ತಲೆಬರಹದ ಪಕ್ಕದ ನೀಲಗಿರಿ ಎಲೆ ಬರೀ ಅಲಂಕಾರ;
ಅದರ ಹೆಸರಿನ ಜಾಗ ಖಾಲಿ ಬಿಟ್ಟೆ, ಬೇಕೆಂದೇ.
ಮರೆತು ಬಿಟ್ಟದ್ದು ಬೇರೆ,
ಸುಮ್ಮನಿರು ಅಂದದ್ದು ಬೇರೆ.

ಜೂನಿನಲ್ಲಿ ಮತ್ತೆ ದಿಯೊಲಿಂಡಳ ಫೋನು.
ಎದೆ ಧಸಕ್ಕೆಂದಿತು, ಎಲ್ಲಿ ಏನು ಬಿಟ್ಟೆ?
"ಏನಿಲ್ಲ, ಮಾತ್ರೆ ಬಂತು.
ನನ್ನ ನಂಬರಿನ ಪುಸ್ತಕದಲ್ಲಿ ನೀನಿನ್ನೂ 'ಔಷಧಿ ಹುಡುಗ'.
ಹೆಸರೇನು ನಿಂದು?"
ನಲವತ್ತಾರರ ಹುಡುಗ ನಾನು.
"ಅಬೀಲಿಯೊ," ಅಂದೆ.
ಕೆಳಗೆ ಲಾರಿಗೆ ಡಬ್ಬಿ ತುಂಬುತ್ತಿದ್ದರು, ಗದ್ದಲ.
"ಬಸೀಲಿಯೊ," ಅಂದಳು,
ದಪ್ಪ ಕಾಗದದಲ್ಲಿ ಚುಕ್ಕಿ ಚುಚ್ಚತೊಡಗಿದಳು,
ಟಕ್ ಟಕ್, ಟಕ್.

ತಿದ್ದಲಿಲ್ಲ.
ಹಾಗೆ ಕರೆದರೂ ಓಗೊಡುತ್ತೇನೆ.